ಕೆಸರಿನಿಂದ ಕೊರವದವರೆಗೆ

ಮೈಸೂರಿನ ಶ್ರೀರಾಂಪುರದ ಕಡೆಯವರಿಗೆ ಲಿಂಗಾಂಬುಧಿ ಕೆರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಕೆರೆ. ಬೆಳಗ್ಗೆ ಏರಿಯ ಮೇಲೆ ವಾಕಿಂಗ್ ಹೋಗುವವರು ನೀರುಕಾಗೆಯನ್ನು ನೋಡಿಯೇ ಇರುತ್ತೀರಿ. ಮುಳುಗಿ ಎದ್ದು, ಕೊಕ್ಕಿನಲ್ಲಿ ಅಡ್ಡಲಾಗಿ ಒದ್ದಾಡುವ ಮೀನನ್ನು ಮೇಲಕ್ಕೆ ಚಿಮ್ಮಿ, ತಲೆಯ ಕಡೆಯಿಂದ ನುಂಗಿಬಿಡುತ್ತದೆ. ಆ ಮೀನು ತನಗಿಂತ ಚಿಕ್ಕದನ್ನು ತಿಂದಿರುತ್ತದೆ, ಆ ಚಿಕ್ಕದು ನೀರುಹುಳವನ್ನು, ಹುಳ ಪಾಚಿಯನ್ನು. ಈ ಸಾಲಿನಲ್ಲಿ ಪಾದರಸ ಮೇಲೇರುತ್ತದೆ ಅನ್ನುವುದು ಗೊತ್ತಾಗಲು ಎಷ್ಟೋ ಕಾಲ ಹಿಡಿಯಿತು. ಆ ಚರಿತ್ರೆಯೇ ಇವತ್ತಿನ ಮಾತು.

ಮೊದಲೇ ಒಂದು ಮಾತು. ಕೆರೆಯಲ್ಲಿ ಮೀನು ಸತ್ತು ತೇಲಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅದು ಸಾಮಾನ್ಯವಾಗಿ ಒಳಚರಂಡಿ ನೀರು ಸೇರಿ ಆಮ್ಲಜನಕ ಕಡಿಮೆಯಾದದ್ದರ ಫಲ. ಪಾದರಸ ಹಾಗೆ ಸುದ್ದಿ ಮಾಡುವುದಿಲ್ಲ. ಅದು ಸೇರಿದ ಮೀನು ಮೈದುಂಬಿಕೊಂಡು ಈಜಾಡುತ್ತಿರುತ್ತದೆ. ರುಚಿ ಕೆಡುವುದಿಲ್ಲ, ವಾಸನೆ ಬರುವುದಿಲ್ಲ. ಪಾದರಸ ಮಾಂಸದ ಪ್ರೋಟೀನಿಗೇ ಅಂಟಿಕೊಂಡಿರುವುದರಿಂದ ಉಪ್ಪು ಹಾಕಿ ಉಜ್ಜಿ ತೊಳೆದರೂ ಹೋಗದು, ಹುಣಸೆಹುಳಿಯಲ್ಲಿ ಕುದಿಸಿದರೂ ಹೋಗದು.

ಪಾದರಸದ ಜೊತೆ ನಮ್ಮ ಸಂಸ್ಥಾನದ ಒಡನಾಟ ಹಳೆಯದು. ಕೋಲಾರದ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿಯವರ ಕಾಲದಲ್ಲಿ ಅದಿರನ್ನು ಕುಟ್ಟಿ ಪುಡಿಮಾಡಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನ ಪಾದರಸಕ್ಕೆ ಅಂಟುತ್ತಿತ್ತು. ಆ ಮುದ್ದೆಯನ್ನು ಕಾಯಿಸಿದರೆ ಪಾದರಸ ಆವಿಯಾಗಿ, ಚಿನ್ನ ಉಳಿಯುತ್ತಿತ್ತು. ಆವಿ ಕುಡಿದವರ ಕೈ ನಡುಗುತ್ತದೆ ಎಂಬುದು ಲೋಕಕ್ಕೆಲ್ಲ ಗೊತ್ತಿತ್ತು. ನೀರಿಗೆ ಬಿದ್ದ ಪಾದರಸದ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಭಾರದ ವಸ್ತು, ತಳಕ್ಕಿಳಿದು ಅಲ್ಲೇ ಕೂತಿರುತ್ತದೆ ಅಂದುಕೊಂಡಿದ್ದರು.

ಆ ನಂಬಿಕೆ ಮುರಿದದ್ದು ಜಪಾನಿನ ಮಿನಮಾಟದಲ್ಲಿ. ಅಲ್ಲಿ ಚಿಸ್ಸೋ ಕಂಪನಿ 1932ರಲ್ಲಿ ಪಾದರಸ ಬಳಸಿ ಅಸಿಟಾಲ್ಡಿಹೈಡ್ ತಯಾರಿಸಲು ಶುರುಮಾಡಿ, ಹೊಲಸು ನೀರನ್ನು ಸಮುದ್ರಕ್ಕೆ ಬಿಟ್ಟಿತು. ಮೀನು ತಿನ್ನುವ ಬೆಕ್ಕುಗಳು ತಾಳತಪ್ಪಿ ಕುಣಿದು ಸಾಯತೊಡಗಿದವು. 1956ರ ಮೇ 1ರಂದು ಮನುಷ್ಯರ ರೋಗವೂ ಅಧಿಕೃತವಾಗಿ ದಾಖಲಾಯಿತು. ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ 1959ರಲ್ಲಿ ಕಾರ್ಖಾನೆಯ ನೀರನ್ನೇ ಬೆಕ್ಕೊಂದಕ್ಕೆ ಉಣ್ಣಿಸಿ ನೋಡಿದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟು, 1968ರವರೆಗೆ ಅದೇ ನೀರನ್ನು ಬಿಡುತ್ತಲೇ ಹೋಯಿತು. ಈ ಒಂಬತ್ತು ವರ್ಷವನ್ನು ಅಜ್ಞಾನದ ಲೆಕ್ಕಕ್ಕೆ ಬರೆಯಲು ನನಗೆ ಮನಸ್ಸಿಲ್ಲ.

ಮಿನಮಾಟದಲ್ಲಿ, ಮೀನಿನ ಮೈಯಲ್ಲಿ ಕೂಡಿಕೊಳ್ಳುವ ರೂಪವಾದ ಮೀಥೈಲ್ ಪಾದರಸ ಕಾರ್ಖಾನೆಯಿಂದಲೇ ಹೊರಬರುತ್ತಿತ್ತು. ಸಿಹಿನೀರಿನ ಒಗಟು ಬಿಡಿಸಿದ್ದು ಸ್ವೀಡನ್. ಅಲ್ಲಿನ ಕೆರೆಗಳ ಮೀನಿನಲ್ಲಿದ್ದ ಪಾದರಸ ಬಹುಪಾಲು ಮೀಥೈಲ್ ರೂಪದ್ದೇ ಎಂದು 1966ರಲ್ಲಿ ವೆಸ್ಟೂ ಎಂಬ ವಿಜ್ಞಾನಿ ತೋರಿಸಿದರು. ಆದರೆ ಕೆರೆಗೆ ಬಿದ್ದಿದ್ದು ಬೇರೆ ರೂಪಗಳ ಪಾದರಸ! 1969ರಲ್ಲಿ ಯೆನ್ಸನ್ ಮತ್ತು ಯೆರ್ನೆಲೋವ್ ಎಂಬ ವಿಜ್ಞಾನಿಗಳು ತೊಟ್ಟಿಯ ಕೆಸರಿಗೆ ಸಾದಾ ಪಾದರಸ ಲವಣ ಬೆರೆಸಿ ಕಾದರು. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸಿದ್ದವು. ಗಾಳಿಯಾಡದ ಕಪ್ಪು ಕೆಸರೇ ಈ ಜೀವಿಗಳಿಗೆ ಪ್ರಶಸ್ತ. ತಳದಲ್ಲಿ ಕೂತಿದೆ ಅಂದುಕೊಂಡದ್ದು ಅಲ್ಲೇ ವೇಷ ಬದಲಿಸಿ ಮೇಲೆ ಬರುತ್ತಿತ್ತು.

ನಮ್ಮ ರಾಜ್ಯದ ಉದಾಹರಣೆ ಕಾರವಾರದ ಬಿಣಗಾ. ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತೆಗೆಯುವ ಅಲ್ಲಿನ ಕಾರ್ಖಾನೆಯಲ್ಲಿ ಹಿಂದೆ ಪಾದರಸದ ಘಟಕಗಳಿದ್ದವು. ಕಾರ್ಖಾನೆಯ ಸುತ್ತಲಿನ ಪಾದರಸದ ಬಗ್ಗೆ ಕೃಷ್ಣಕುಮಾರ್ ಮತ್ತು ಪಿಳ್ಳೈ ಎಂಬ ವಿಜ್ಞಾನಿಗಳು 1990ರಲ್ಲಿ ವರದಿ ಪ್ರಕಟಿಸಿದರು. ಬಿಣಗಾದಲ್ಲಿರುವುದು ಸಮುದ್ರ, ಅಲೆ ಬಡಿದು ಪಾದರಸವನ್ನು ಚದುರಿಸುತ್ತದೆ. ಕೆರೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ಕೊಡೈಕೆನಾಲಿಗೆ ಹೋಗಬೇಕು.

ಅಲ್ಲಿನ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಹೈದರಾಬಾದಿನ ವಿಜ್ಞಾನಿಗಳು ಕೊಡೈ ಕೆರೆಯನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಂಕಿಗಳನ್ನು ನಿಧಾನವಾಗಿ ಹೇಳುತ್ತೇನೆ. ಲೀಟರ್ ನೀರಿನಲ್ಲಿ 356ರಿಂದ 465 ನ್ಯಾನೋಗ್ರಾಂ ಪಾದರಸ. ನಮ್ಮ ದೇಶದ ಕುಡಿಯುವ ನೀರಿನ ಮಿತಿ 1000 ನ್ಯಾನೋಗ್ರಾಂ. ಅಂದರೆ ಪಾದರಸದ ಮಟ್ಟಿಗೆ ನೀರು ಪಾಸು! ಅದೇ ಕೆರೆಯ ಮೀನಿನಲ್ಲಿ ಕೆಜಿಗೆ 120ರಿಂದ 290 ಮೈಕ್ರೋಗ್ರಾಂ, ನೀರಿಗಿಂತ ನೂರಾರು ಪಟ್ಟು. ಕೆಜಿಗೆ 500 ಮೈಕ್ರೋಗ್ರಾಂ ಎಂಬ ಬಹುಬಳಕೆಯ ಮಿತಿಗೆ ಹೋಲಿಸಿದರೆ ಮೀನೂ ಪಾಸು. ಆದರೆ ತಿನ್ನುವವರ ಲೆಕ್ಕ ಬೇರೆ. ದೇಹತೂಕದ ಪ್ರತಿ ಕೆಜಿಗೆ ವಾರಕ್ಕೆ 1.6 ಮೈಕ್ರೋಗ್ರಾಂ ಮೀಥೈಲ್ ಪಾದರಸದವರೆಗೆ ಸಹಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಜಂಟಿ ತಜ್ಞರ ಸಮಿತಿ 2003ರಲ್ಲಿ ಹೇಳಿತು. ಅದು ಹೊಟ್ಟೆಯಲ್ಲಿರುವ ಮಗುವಿನ ಮಿದುಳನ್ನು ಕಾಯಲು ಇಟ್ಟ ಮಿತಿ. 50 ಕೆಜಿ ತೂಕದ ಬಸುರಿಗೆ ಇದು ವಾರಕ್ಕೆ 80 ಮೈಕ್ರೋಗ್ರಾಂ. ಆ ಮೀನಿನ ಪಾದರಸವೆಲ್ಲ ಮೀಥೈಲ್ ರೂಪದ್ದು ಅಂದುಕೊಂಡರೆ, ಅತಿ ಹೆಚ್ಚು ಪಾದರಸ ಸಿಕ್ಕ ಮೀನು ಕಾಲು ಕೆಜಿ ದಾಟುತ್ತಿದ್ದಂತೆ ವಾರದ ಮಿತಿ ತುಂಬಿಹೋಗುತ್ತದೆ. ಕೆರೆ ಪಕ್ಕದಲ್ಲಿದ್ದು ದಿನಾ ಮೀನು ಉಣ್ಣುವ ಮನೆಗೆ ಕಾಲು ಕೆಜಿ ಯಾವ ಲೆಕ್ಕ?

ಹಾಗೆಂದು ಮೈಸೂರಿನವರು ಮೀನು ಬಿಡಬೇಕಾಗಿಲ್ಲ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಕಾಟ್ಲಾ, ರೋಹು, ಜಿಲೇಬಿ ಮೀನುಗಳು ಪಾಚಿ, ಸಣ್ಣಪುಟ್ಟ ಜೀವಿ ತಿಂದು ಬೇಗ ಬೆಳೆಯುವಂಥವು, ಸಾಲಿನ ಕೆಳಗಿನವು. ಪಾದರಸ ಕೂಡಿಬೀಳುವುದು ಇತರ ಮೀನು ತಿಂದು ವರ್ಷಗಟ್ಟಲೆ ಬದುಕುವ ಕೊರವ, ಬಾಳೆಮೀನಿನಂಥವುಗಳಲ್ಲಿ. ದಪ್ಪ ಕೊರವಕ್ಕೆ ಹೆಚ್ಚು ದುಡ್ಡು ಕೊಡುವವರು ನಾವೇ ಅನ್ನಿ!

ಮಾಲಿನ್ಯ ನಿಯಂತ್ರಣ ಮಂಡಳಿ ಕೆರೆ ನೀರಿಗೆ ಎ, ಬಿ, ಸಿ, ಡಿ, ಇ ಎಂದು ದರ್ಜೆ ಕೊಡುವಾಗ ಮುಖ್ಯವಾಗಿ ನೋಡುವುದು ಆಮ್ಲಜನಕ, ಕೊಳೆ, ಕೋಲಿಫಾರಂ ಬ್ಯಾಕ್ಟೀರಿಯಾಗಳನ್ನು. ಒಳಚರಂಡಿ ಹರಿಯುವ ಊರಿನಲ್ಲಿ ಅದು ಬೇಕೇ ಬೇಕು. ಅದರ ಜೊತೆಗೆ, ವರ್ಷಕ್ಕೊಮ್ಮೆಯಾದರೂ, ಬಲೆಗೆ ಬಿದ್ದ ಕೊರವಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ತೂಗಿ, ಅಳೆದು, ಬೆನ್ನಿನ ಮಾಂಸದ ಒಂದು ತುಂಡನ್ನು ಪ್ರಯೋಗಾಲಯಕ್ಕೆ ಕಳಿಸಿ, ಬಂದ ಅಂಕಿಯನ್ನು ಕೆರೆ ಏರಿಯ ಫಲಕದ ಮೇಲೆ ಬರೆಸಬೇಕು ಎಂಬುದು ನನ್ನ ಕೋರಿಕೆ.