ಬೆಕ್ಕಿನ ಚೇಷ್ಟೆಯೂ ಒಂದು ಪ್ರಶ್ನೆಯೂ



ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಬೆಕ್ಕಿದೆ? ಇದ್ದವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ, ಅದರ ಚೇಷ್ಟೆಗಳನ್ನು ಯಾರಿಗಾದರೂ ಹೇಳದೆ ನಿಮಗೆ ಒಂದು ದಿನವೂ ಕಳೆಯುವುದಿಲ್ಲ. ನಮ್ಮ ಮನೆಯಲ್ಲಿಯೂ ಹಾಗೆಯೇ. ಗುಂಡ ಎಂಬ ಒಂದು ಗಂಡು ಬೆಕ್ಕು, ಕಾಲೇಜಿಗೆ ಹೋಗುವ ಒಬ್ಬ ಮಗಳು. ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಅವಳು ಮೊಬೈಲಿನಲ್ಲಿ ಗೆಳತಿಯರ ಜೊತೆ ಲೂಡೊ ಆಡುತ್ತಾಳೆ. ಒಬ್ಬಳು ಮೈಸೂರಿನಲ್ಲಿ, ಒಬ್ಬಳು ಶಿರಸಿಯ ಕಡೆ, ಇನ್ನೊಬ್ಬ ನಮ್ಮ ಅಣ್ಣನ ಮಗ, ಸಿಂಗಪುರದಲ್ಲಿ ಓದುತ್ತಿರುವವನು. ಆಟ ನೆಪ ಮಾತ್ರ. ದಾಳ ಉರುಳುವ ಮಧ್ಯೆ ಅವರು ಬರೆದುಕೊಳ್ಳುವುದೆಲ್ಲ ಬೆಕ್ಕಿನ ಸಮಾಚಾರ. ಒಬ್ಬರ ಬೆಕ್ಕು ಪುಸ್ತಕದ ಮೇಲೆಯೇ ಮಲಗುತ್ತದೆ, ಇನ್ನೊಬ್ಬರದು ಮೇಜಿನ ಮೇಲಿನ ಲೋಟವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಲೇ ಕೆಳಕ್ಕೆ ತಳ್ಳುತ್ತದೆ.

ಮೊದಮೊದಲು ನನಗೆ ಸಿಡಿಮಿಡಿಯಾಗುತ್ತಿತ್ತು. "ಇದೇನು ಕಾಲಹರಣ!" ಎಂದು ಗದರಿದ್ದೂ ಉಂಟು. ಆಗ ನನ್ನ ತಾಯಿ ಒಳಗಿನಿಂದ, "ನಾವು ಜಗಲಿಯ ಮೇಲೆ ಚೌಕಾಬಾರ ಆಡುವಾಗ ಏನು ವೇದಾಂತ ಮಾತಾಡ್ತಿದ್ವೇನೋ?" ಎಂದರು. ನಿಜವೇ. ಕವಡೆ ಬೀಳುವ ಮಧ್ಯೆ ಅಲ್ಲಿಯೂ ಹಸುವಿನ ಮಾತು, ಬೆಕ್ಕಿನ ಮಾತು, ನೆರೆಮನೆಯ ಮಾತು ನಡೆಯುತ್ತಿತ್ತು. ಜಗಲಿ ಹೋಗಿ ಮೊಬೈಲು ಬಂದಿದೆ, ಹರಟೆ ಹಾಗೆಯೇ ಉಳಿದಿದೆ. ಈ ಹರಟೆಯಲ್ಲಿ ಅಡಗಿರುವ ಒಂದು ಬೆಲೆಬಾಳುವ ವಸ್ತುವಿನ ಬಗ್ಗೆ ನಿಮ್ಮೊಡನೆ ಮಾತನಾಡುವುದು ಇಂದು ನನ್ನ ಉದ್ದೇಶ. ಆ ವಸ್ತು ಯಾವುದೆಂದರೆ, "ಇದು ಯಾಕೆ ಹೀಗೆ ಮಾಡುತ್ತದೆ?" ಎಂಬ ಪ್ರಶ್ನೆ.

ಒಂದು ಉದಾಹರಣೆ ಕೊಡುತ್ತೇನೆ. ಬೆಕ್ಕು ನೀರು ಕುಡಿಯುವುದನ್ನು ನೀವು ನೂರು ಸಲ ನೋಡಿರುತ್ತೀರಿ. ಅಮೆರಿಕದಲ್ಲಿದ್ದ ರೋಮನ್ ಸ್ಟಾಕರ್ ಎಂಬ ವಿಜ್ಞಾನಿ ಬೆಳಗಿನ ಉಪಾಹಾರದ ಹೊತ್ತಿನಲ್ಲಿ ತಮ್ಮ ಬೆಕ್ಕು ನೀರು ಕುಡಿಯುವುದನ್ನು ನೋಡುತ್ತ ಕುಳಿತಿದ್ದರು. ನೀರು ನೆಲದ ಕಡೆಗೆ ಬೀಳಬೇಕಾದದ್ದು, ಮೇಲಕ್ಕೆ ಬಾಯಿಗೆ ಹೇಗೆ ಹೋಗುತ್ತಿದೆ? ಅವರೂ ಅವರ ಸಂಗಡಿಗರೂ ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು. ಬೆಕ್ಕು ನಾಯಿಯ ಹಾಗೆ ನಾಲಿಗೆಯನ್ನು ನೀರಿನೊಳಗೆ ಮುಳುಗಿಸುವುದಿಲ್ಲ. ನಾಲಿಗೆಯ ತುದಿಯಿಂದ ನೀರಿನ ಮೇಲ್ಮೈಯನ್ನು ಮುಟ್ಟಿ ಥಟ್ಟನೆ ಮೇಲೆಳೆಯುತ್ತದೆ. ಅದರೊಡನೆ ನೀರಿನ ಒಂದು ಸಣ್ಣ ಕಂಬವೇ ಮೇಲೇಳುತ್ತದೆ. ಗುರುತ್ವಾಕರ್ಷಣೆ ಅದನ್ನು ಕೆಳಗೆಳೆಯುವ ಮೊದಲೇ ಬೆಕ್ಕು ಬಾಯಿ ಮುಚ್ಚಿಬಿಡುತ್ತದೆ. ಸೆಕೆಂಡಿಗೆ ಸುಮಾರು ನಾಲ್ಕು ಸಲ! ಈ ಸಂಶೋಧನೆ 2010ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದಕ್ಕೂ ಹಳೆಯ ಕಥೆಯೊಂದಿದೆ. ಕ್ಯಾಮೆರಾವನ್ನೇ ನಂಬಿ ಬದುಕುವ ನನಗೆ ಅದು ಬಲು ಪ್ರಿಯವಾದದ್ದು. ಬೆನ್ನು ಕೆಳಗಾಗಿ ಬೀಳುವ ಬೆಕ್ಕು ನೆಲ ಮುಟ್ಟುವಾಗ ಕಾಲೂರಿ ನಿಲ್ಲುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲದ ಗಾಳಿಯಲ್ಲಿ ಅದು ಹೇಗೆ ತಿರುಗುತ್ತದೆ? ಎತ್ತಿ ಹಿಡಿದವರ ಕೈಯನ್ನೇ ಒದ್ದು ತಿರುಗುತ್ತಿರಬೇಕು ಎಂದು ಹಲವರು ಭಾವಿಸಿದ್ದರು. ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1894ರಲ್ಲಿ ಬೀಳುವ ಬೆಕ್ಕಿನ ಚಿತ್ರಗಳನ್ನು ಒಂದರ ಹಿಂದೊಂದರಂತೆ ತೆಗೆದು ತೋರಿಸಿದರು. ಬೆಕ್ಕು ಕೈಯನ್ನು ಒದೆಯುತ್ತಿರಲಿಲ್ಲ. ಮೊದಲು ಮುಂಗಾಲು ಮಡಿಚಿ, ಹಿಂಗಾಲು ಚಾಚಿ, ಮೈಯ ಮುಂಭಾಗವನ್ನು ತಿರುಗಿಸುತ್ತಿತ್ತು. ಆಮೇಲೆ ಮುಂಗಾಲು ಚಾಚಿ, ಹಿಂಗಾಲು ಮಡಿಚಿ, ಹಿಂಭಾಗವನ್ನು ತಿರುಗಿಸಿಕೊಳ್ಳುತ್ತಿತ್ತು. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿರುವ ಕೋನೀಯ ಸಂವೇಗದ ನಿಯಮ ಎಲ್ಲಿಯೂ ಮುರಿಯುವುದಿಲ್ಲ. ದಯವಿಟ್ಟು ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ಬಿದ್ದ ಬೆಕ್ಕಿಗೂ ಮೂಳೆ ಮುರಿಯುತ್ತದೆ.

ಹೀಗೆ ಪ್ರಶ್ನೆ ಕೇಳಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ನೆಲದ ಮೇಲೆ ಒಂದು ಚೌಕ ಹಾಕಿದರೆ ಬೆಕ್ಕು ಹೋಗಿ ಅದರೊಳಗೆ ಕುಳಿತುಕೊಳ್ಳುತ್ತದೆ ಎಂಬ ಮಾತು ಬೆಕ್ಕು ಸಾಕಿದವರ ಹರಟೆಯಲ್ಲಿ ಬಹಳ ಕಾಲದಿಂದ ಇತ್ತು. ಅಮೆರಿಕದ ಕೆಲವು ಸಂಶೋಧಕರು ಜನರ ಸಹಾಯದಿಂದ ಇದನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಸಾಕಿದವರು ತಮ್ಮ ತಮ್ಮ ಮನೆಯಲ್ಲಿ ಕಾಗದದ ಆಕೃತಿಗಳನ್ನು ನೆಲಕ್ಕೆ ಅಂಟಿಸಿ, ಬೆಕ್ಕು ಏನು ಮಾಡುತ್ತದೆಂದು ಚಿತ್ರೀಕರಿಸಬೇಕಿತ್ತು. ನಿಜವಾದ ಚೌಕ ಒಂದು, ನಾಲ್ಕು ಮೂಲೆಗಳನ್ನಷ್ಟೇ ಇಟ್ಟು ಚೌಕವಿದ್ದಂತೆ ಭ್ರಮೆ ಹುಟ್ಟಿಸುವ ಆಕೃತಿ ಇನ್ನೊಂದು. ಬೆಕ್ಕುಗಳು ಭ್ರಮೆಯ ಚೌಕದಲ್ಲಿಯೂ ನಿಜವಾದ ಚೌಕದಲ್ಲಿ ಕುಳಿತಂತೆಯೇ ಕುಳಿತವು. ಆದರೆ ಇನ್ನೊಂದು ವಿಷಯವನ್ನೂ ಗಮನಿಸಿ. 500ಕ್ಕೂ ಹೆಚ್ಚು ಬೆಕ್ಕುಗಳ ಹೆಸರು ನೋಂದಣಿಯಾಗಿತ್ತು. ಪರೀಕ್ಷೆಯನ್ನು ಕೊನೆಯವರೆಗೆ ಮುಗಿಸಿದವು 30. ಅವುಗಳಲ್ಲಿ ಯಾವುದಾದರೊಂದು ಆಕೃತಿಯನ್ನು ಆರಿಸಿ ಕುಳಿತವು ಬರೀ 9. ಪ್ರಶ್ನೆ ಕೇಳುವುದು ಸುಲಭ, ತಾಳ್ಮೆಯಿಂದ ಕಡೆಯವರೆಗೆ ನೋಡುವುದು ಕಷ್ಟ.

ಈಗ ನನ್ನ ತಪ್ಪಿನ ಕಥೆ ಹೇಳುತ್ತೇನೆ.

ಒಂದು ಭಾನುವಾರ ಗುಂಡ ಬಚ್ಚಲುಮನೆಯಲ್ಲಿ ಕೈತೊಳೆಯುವ ಬೇಸಿನ್ನಿನೊಳಗೆ ಹೋಗಿ ಕುಳಿತ. ಇಳಿಸಿದರೆ ಮರಳಿನ ಟ್ರೇಗೆ ಹೋಗಿ ಕೆರೆದ, ಬಂದ, ಮತ್ತೆ ಬೇಸಿನ್ನಿಗೆ ಹತ್ತಿದ. ಹೀಗೆ ಹತ್ತಾರು ಸಲ. ನನಗೆ ನಗು ತಡೆಯಲಾಗಲಿಲ್ಲ. ವೃತ್ತಿಯ ಚಾಳಿ ನೋಡಿ, ತಕ್ಷಣ ಮೊಬೈಲು ತೆಗೆದು ಚಿತ್ರೀಕರಿಸಿದೆ. ಬೆಳಕು ಚೆನ್ನಾಗಿರಲೆಂದು ಬಾಗಿಲನ್ನೂ ತೆರೆದಿಟ್ಟೆ. ಮಗಳು ಅದನ್ನು ಆಟದ ಗುಂಪಿಗೆ ಕಳಿಸಿದಳು. ಮೈಸೂರಿನವಳು ನಕ್ಕಳು, ಸಿಂಗಪುರದವನು "ದೊರೆಗೆ ಸಿಂಹಾಸನ ಸಿಕ್ಕಿತು" ಎಂದು ಬರೆದ. ಶಿರಸಿಯ ಹುಡುಗಿ ಮಾತ್ರ ನಗಲಿಲ್ಲ. ಅವಳ ದಾಳದ ಸರದಿ ಬಂದರೂ ಆಟ ಮುಂದೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಬರೆದದ್ದು ಇಷ್ಟು: "ನಮ್ಮ ಅಜ್ಜಿ ವಿಡಿಯೊ ನೋಡಿ ಕೇಳ್ತಿದ್ದಾರೆ. ಅವನು ಬೆಳಗಿನಿಂದ ಉಚ್ಚೆ ಹೊಯ್ದಿದ್ದಾನಾ ನೋಡೇ."

ಮಗಳು ಟ್ರೇ ನೋಡಿ ಬಂದಳು. ಮರಳೆಲ್ಲ ಒಣಗಿತ್ತು. "ಅಪ್ಪಾ, ಒಂದು ಹನಿಯೂ ಇಲ್ಲ" ಎಂದಾಗ ಅವಳ ಮುಖ ಸಪ್ಪಗಾಗಿತ್ತು. ಭಾನುವಾರ ರಾತ್ರಿ, ಬಾಗಿಲು ತೆರೆದಿದ್ದ ಒಂದು ಪಶು ಆಸ್ಪತ್ರೆ ಹುಡುಕಿಕೊಂಡು ಹೋದೆವು. ವೈದ್ಯರು ಹೊಟ್ಟೆ ಮುಟ್ಟಿ ನೋಡಿ, ಮೂತ್ರಕೋಶ ಕಲ್ಲಿನಂತೆ ಬಿಗಿದಿದೆ ಎಂದರು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಸಣ್ಣ ಹರಳುಗಳೋ ಲೋಳೆಯೋ ಸಿಕ್ಕಿಕೊಂಡರೆ ದಾರಿ ಮುಚ್ಚಿಹೋಗುತ್ತದೆ. ಹೊರಹೋಗಬೇಕಾದ ಕಲ್ಮಶ ರಕ್ತದಲ್ಲಿಯೇ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಒಂದೆರಡು ದಿನಗಳಲ್ಲಿಯೇ ಪ್ರಾಣ ಹೋಗಬಹುದು. ಗುಂಡನಿಗೆ ಅರಿವಳಿಕೆ ಕೊಟ್ಟು, ನಳಿಕೆ ಹಾಕಿ ಮೂತ್ರ ತೆಗೆದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ.

ಆ ರಾತ್ರಿ ನಾನು ಆ ವಿಡಿಯೊವನ್ನು ಮತ್ತೊಮ್ಮೆ ನೋಡಿದೆ. ಅದರಲ್ಲಿ ಎಲ್ಲವೂ ಇತ್ತು. ಕುಕ್ಕರಗಾಲಿನಲ್ಲಿ ಕೂತ ಭಂಗಿ, ಹೊಟ್ಟೆಯ ಬಿಗಿತ, ಮತ್ತೆ ಮತ್ತೆ ಟ್ರೇಗೆ ಹೋಗುವುದು. ವಿಜ್ಞಾನದ ಪದವೀಧರನಾದ ನಾನು ಅದನ್ನು ಸೆರೆಹಿಡಿದಿದ್ದೆ, ನೋಡಿರಲಿಲ್ಲ. ಶಿರಸಿಯ ಆ ಅಜ್ಜಿ ಸಣ್ಣ ಪರದೆಯ ಮೇಲೆ ಒಂದು ಸಲ ನೋಡಿ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು. ವ್ಯತ್ಯಾಸ ಪದವಿಯಲ್ಲಿರಲಿಲ್ಲ.

ಇದರಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಬೆಕ್ಕು ಮೊದಲಿನಿಂದಲೂ ಮಾಡುತ್ತ ಬಂದದ್ದು ಅದರ ಸ್ವಭಾವ. ಇದ್ದಕ್ಕಿದ್ದಂತೆ ಶುರುವಾದದ್ದು ಒಂದು ಸುದ್ದಿ. ಹೊಸ ಜಾಗದಲ್ಲಿ ಕೂರುವುದು, ಮೂಲೆಯಲ್ಲಿ ಅವಿತುಕೊಳ್ಳುವುದು, ಊಟ ಬಿಡುವುದು, ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸುವುದು, ಇವೆಲ್ಲ ಅಂಥ ಸುದ್ದಿಗಳೇ. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಗುರ್‌ಗುಟ್ಟುತ್ತಿದೆ, ಆದ್ದರಿಂದ ಸುಖವಾಗಿದೆ ಎಂದು ತೀರ್ಮಾನಿಸಬೇಡಿ. ನೋವಿನಲ್ಲಿರುವ ಬೆಕ್ಕೂ ಗುರ್‌ಗುಟ್ಟುವುದುಂಟು. ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನಂತೂ ಎಂದೂ ಕೊಡಬೇಡಿ. ನಮಗೆ ಜ್ವರ ಇಳಿಸುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಆಟದ ಗೆಳೆಯರ ಸಲಹೆ ನಿಮ್ಮನ್ನು ವೈದ್ಯರ ಬಾಗಿಲಿಗೆ ಬೇಗ ತಲುಪಿಸಿದರೆ ಒಳ್ಳೆಯದು, ವೈದ್ಯರ ಬದಲಿಗೆ ನಿಂತರೆ ಅಪಾಯ.

ಹಾಗಾದರೆ ಆನ್‌ಲೈನ್ ಆಟ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಕೇಳಬಹುದು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿದೆ, ಅವುಗಳ ಹತ್ತಿರ ಸುಳಿಯಬೇಡಿ. ಪರಿಚಯವಿಲ್ಲದವರಿಗೆ ಬೆಕ್ಕಿನ ಹೆಸರು ಹೇಳಿ, ಮನೆಯ ವಿಳಾಸ ಹೇಳಬೇಡಿ. ನಿದ್ದೆಯ ಹೊತ್ತನ್ನು ಆಟಕ್ಕೆ ಕೊಡಬೇಡಿ. ಉಳಿದಂತೆ, ಗೆಳೆಯರೊಡನೆ ಅರ್ಧ ಗಂಟೆ ಆಡಿ ಹರಟುವುದನ್ನು ನಾನು ಈಗ ಕಾಲಹರಣ ಎನ್ನುವುದಿಲ್ಲ. ಎನ್ನುವ ಧೈರ್ಯವೂ ನಮ್ಮ ಮನೆಯಲ್ಲಿ ನನಗಿಲ್ಲ.

ಕೊನೆಯದಾಗಿ ನಿಮಗೊಂದು ಕೆಲಸ. ಒಂದು ಇನ್ನೂರು ಪುಟದ ನೋಟುಬುಕ್ಕು ತೆಗೆದುಕೊಳ್ಳಿ. ನಿಮ್ಮ ಬೆಕ್ಕು, ಇಲ್ಲವೇ ನಿಮ್ಮ ಬೀದಿಯ ಬೆಕ್ಕು, ಎಷ್ಟು ಹೊತ್ತಿಗೆ ಎದ್ದಿತು, ಏನು ತಿಂದಿತು, ಎಲ್ಲಿ ಕುಳಿತಿತು ಎಂದು ಹದಿನೈದು ದಿನ ದಿನಾಂಕ ಹಾಕಿ ಬರೆಯಿರಿ. ಹದಿನಾರನೆಯ ದಿನ ಏನಾದರೂ ಬದಲಾದರೆ ನಿಮಗೆ ತಕ್ಷಣ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಅಂಥದೊಂದು ಪುಸ್ತಕ ಬೇಸಿನ್ನಿನ ಪಕ್ಕದ ಮೊಳೆಗೆ ನೇತಾಡುತ್ತಿದೆ. ಗುಂಡ ಆಗಾಗ ಅದರ ದಾರವನ್ನು ಎಳೆದು ಕೆಳಗೆ ಬೀಳಿಸುತ್ತಾನೆ. ಅದನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದೇವೆ.