ತಿಳಿನೀರಿನ ಸೊಳ್ಳೆ ಮತ್ತು ಶಾಲೆಯ ಜೀವಶಾಸ್ತ್ರ ಪಾಠ



ಮಲೇರಿಯಾ ಸೊಳ್ಳೆ ಎಲ್ಲಿ ಹುಟ್ಟುತ್ತದೆಂದು ಮಕ್ಕಳನ್ನು ಕೇಳಿದರೆ, ‘ಕೊಳಚೆ ಚರಂಡಿಯಲ್ಲಿ’ ಎಂಬ ಉತ್ತರವೇ ಸಾಮಾನ್ಯ. ಮಂಗಳೂರು ನಗರದ ಅನುಭವ ಬೇರೆ. ಇಲ್ಲಿ ರೋಗ ಹರಡುವ ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಯು ಮೊಟ್ಟೆಯಿಡುವುದು ತಾರಸಿಯ ಟ್ಯಾಂಕು, ಬಾವಿ, ಕಟ್ಟಡ ಕಾಮಗಾರಿಯ ಸ್ಥಳಗಳಲ್ಲಿ ನಿಂತ ತಿಳಿನೀರಿನಲ್ಲಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡುದನ್ನು ತಪ್ಪಿಲ್ಲದೆ ಬರೆಯುವ ವಿದ್ಯಾರ್ಥಿಯೂ ಮನೆಯ ಟ್ಯಾಂಕಿಗೆ ಮುಚ್ಚಳವಿದೆಯೇ ಎಂದು ನೋಡದಿರಬಹುದು. ಪಾಠವು ಅವನ ಹಳೆಯ ನಂಬಿಕೆಯನ್ನು ಮುಟ್ಟಿಯೇ ಇರುವುದಿಲ್ಲ.

ಆದುದರಿಂದ ಶಿಕ್ಷಕರು ಮೊದಲು ಮಕ್ಕಳ ಊಹೆಯನ್ನು ಬರೆಯಿಸಿ, ಅನಂತರ ಚರಂಡಿಯ ನೀರನ್ನೂ ತೆರೆದ ಟ್ಯಾಂಕಿನ ನೀರನ್ನೂ ಬಿಳಿ ತಟ್ಟೆಗಳಲ್ಲಿ ತೋರಿಸುವುದು ಸೂಕ್ತ. ಅನಾಫಿಲಿಸ್ ಲಾರ್ವಾ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತದೆ. ಚರಂಡಿಯಲ್ಲಿ ಹೆಚ್ಚಾಗಿ ಕಾಣುವ ಕ್ಯೂಲೆಕ್ಸ್ ಲಾರ್ವಾ ತಲೆ ಕೆಳಗಾಗಿ ಓರೆಯಾಗಿ ತೂಗುತ್ತದೆ. ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುವಂಥದ್ದು. (ನೋಡಿದ ಬಳಿಕ ಆ ನೀರನ್ನು ಒಣನೆಲಕ್ಕೆ ಚೆಲ್ಲಲು ಮರೆಯಬಾರದು.)

ನಗರದಂಚಿನ ಪಂಚಾಯತ್‌ಗಳಲ್ಲಿಯೂ ಕಟ್ಟಡಗಳು ಏಳುತ್ತಿವೆ. ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಸದಸ್ಯರು ಈ ವೀಕ್ಷಣೆಯನ್ನು ಮಕ್ಕಳಿಂದಲೇ ಹೇಳಿಸಿ, ತಂತಮ್ಮ ವಾರ್ಡಿನ ಮುಚ್ಚಳವಿಲ್ಲದ ಟ್ಯಾಂಕುಗಳ ಪಟ್ಟಿಯನ್ನು ಅಲ್ಲಿಯೇ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.