ಕೆಳಗೆ ಅಂಗಡಿ, ಮೇಲೆ ಮನೆ

ಕತಾರಿನ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 103 ಮೀಟರ್, ಅಷ್ಟೇ. ಮಡಿಕೇರಿ 1,100 ದಾಟುತ್ತದೆ. ದೋಹಾದಲ್ಲಿ ಕೂತು ಮಡಿಕೇರಿಯಲ್ಲಿ ಕಟ್ಟಿಸುವವರ ಪಾಡೆಲ್ಲ ಈ ಎರಡು ಅಂಕಿಗಳ ನಡುವೆ.

ನನ್ನ ಗೆಳೆಯನ ಲೆಕ್ಕ ಸರಳ: ಕೆಳಗೆ ಎರಡು ಮಳಿಗೆ, ಮೇಲೆ ಮನೆ. ಬಾಡಿಗೆಯಲ್ಲಿ ಸಾಲದ ಕಂತು ತೀರುತ್ತದೆ, ಊರಿಗೆ ಮರಳಿದರೆ ಸೂರೂ ಇರುತ್ತದೆ. ಪ್ರತಿ ಶುಕ್ರವಾರ, ಅಲ್ಲಿನ ರಜೆಯ ದಿನ, ವಿಡಿಯೊ ಕರೆ. ಒಮ್ಮೆ ಅವನು ಷಟರಿನ ಬಣ್ಣ, ಟೈಲ್ಸು ಅನ್ನುತ್ತಿದ್ದಾಗ ಮೇಸ್ತ್ರಿ ಮೊಬೈಲನ್ನು ಹಿಂಬದಿಯ ಬರೆಯತ್ತ ತಿರುಗಿಸಿದರು. ತಡೆಗೋಡೆಯಲ್ಲಿ ಸಾಲಾಗಿ ಕೂರಿಸಿದ ಪೈಪಿನ ತುಂಡುಗಳು. ಎರಡರ ಬಾಯಿಗೆ ಆಗಲೇ ಕೆಮ್ಮಣ್ಣು ಕಟ್ಟಿತ್ತು. "ಸಾರ್, ಮೊದಲು ಇದನ್ನ ನೋಡಿ. ಗೋಡೆ ಹಿಂದಿನ ನೀರು ಇಲ್ಲಿಂದಲೇ ಬಸಿಯಬೇಕು."

ವರ್ಷಕ್ಕೆ ನಾಲ್ಕು ಹನಿ ಬೀಳುವ ಊರಲ್ಲಿದ್ದವನಿಗೆ ಮಳೆಯೇ ಮರೆತುಹೋಗಿತ್ತು. ಮೇಸ್ತ್ರಿಯೋ, 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಕಣ್ಣಾರೆ ಕಂಡವರು. ಟೈಲ್ಸಿನ ದುಡ್ಡು ಚರಂಡಿ ಕೆಲಸಕ್ಕೆ ಹೋಯಿತು. ಒಳ್ಳೆಯದೇ ಆಯಿತು.

ಪರದೇಶದಲ್ಲಿದ್ದು ಮಲೆನಾಡಿನಲ್ಲಿ ಕಟ್ಟಿಸುತ್ತಿರುವವರೇ, ಮುಂದಿನ ಕರೆಯಲ್ಲಿ ಮುಂಬಾಗಿಲು ಬೇಡ, ಹಿಂದಿನ ಬರೆ ತೋರಿಸಲು ಹೇಳಿ.